ಇಬ್ಬರ ಪಗಾರ ಬಂದ್ರೂ ಕೈಯಾಗ ಯಾಕ ಉಳಿಯಂಗಿಲ್ಲ? ಪ್ರಮೋಷನ್ ತಗೊಂಡ್ರ ಟ್ಯಾಕ್ಸ್ ನುಂಗತೈತೇನು?

ಪ್ರಶ್ನೆ (ಬಾಗಲಕೋಟೆ ನವನಗರದ ಓದುಗರೊಬ್ಬರದು, ಸ್ವಲ್ಪ ಸಣ್ಣದು ಮಾಡಿ ಹಾಕೀನಿ):

"ಸರ್, ನಾನು ಸರ್ಕಾರಿ ಬ್ಯಾಂಕಿನಾಗ ಸ್ಕೇಲ್ ಒನ್ ಆಫೀಸರ್, ದಿನಾ ಬಸ್ಸಿಗೆ ಬಾದಾಮಿ ಬ್ರಾಂಚಿಗೆ ಹೋಗಿ ಬರ್ತೀನಿ. ವರ್ಷದ ಗ್ರಾಸ್ ಪಗಾರ 12.40 ಲಕ್ಷ. ಯಜಮಾನ್ರು ಸರ್ಕಾರಿ ಹೈಸ್ಕೂಲ್ ಮಾಸ್ತರು, ಅವರದು 8.40 ಲಕ್ಷ. ಇಬ್ಬರದೂ ಎನ್‌ಪಿಎಸ್ (ಪಗಾರದಾಗ ಪಾಲು ಹಿಡಿಯೋ ಪಿಂಚಣಿ ಯೋಜನೆ). 2019-20ರಾಗ ಇಬ್ಬರದೂ ಕೂಡಿ 12 ಲಕ್ಷ ಬರತಿತ್ತು, ಆವಾಗ ತಿಂಗಳಿಗೆ 25 ಸಾವಿರ ಉಳಿಸ್ತಿದ್ವಿ. ಈಗ 20.80 ಲಕ್ಷ ಬರತೈತಿ, 10 ಸಾವಿರ ಉಳಿದ್ರ ಪುಣ್ಯ. ಮನಿ ಸಾಲದ ಹಫ್ತಾ 24 ಸಾವಿರ, ಕಾರಿಂದು 11,500, ಸೊಸೈಟಿ ಸಾಲ 8 ಸಾವಿರ, 7 ವರ್ಷದ ಮಗಳ ಸಾಲಿ, ವ್ಯಾನ್ ಸೇರಿ 9 ಸಾವಿರ. ಈಗ ನಂಗ ಸ್ಕೇಲ್ ಟೂ ಪ್ರಮೋಷನ್ ಆಗೈತಿ, ವರ್ಷಕ್ಕ 70 ಸಾವಿರ ಹೆಚ್ಚಾಗಬಹುದು. ಮೈದುನ ಅಂತಾನ, ಗಂಡ ಹೆಂಡತಿ ಪಗಾರ ಕ್ಲಬ್ ಮಾಡಿ ಟ್ಯಾಕ್ಸ್ ಹಾಕ್ತಾರ, ಪ್ರಮೋಷನ್ ತಗೊಂಡ್ರ ಇದ್ದದ್ದೂ ಹೋಗತೈತಿ ಅಂತ. ಮಾವನವರು ಇಷ್ಟೆಲ್ಲಾ ಓಡಾಡಿ ಸರ್ಕಾರಕ್ಕ ಕಟ್ಟೂದಕ್ಕಿಂತ ಮನ್ಯಾಗ ಇರವಾ ಅಂತಾರ. ಬ್ಯಾಂಕಿನಾಗ ಇದ್ದೂ ಇದು ತಿಳಿವಲ್ದು ಅಂತ ನಾಚಿಕಿ ಆಗತೈತಿ, ಆದ್ರೂ ಕೇಳಾಕತ್ತೀನಿ."

ಉತ್ತರ:

ನಾಚಿಕಿ ಯಾಕ್ರಿ ಮೇಡಂ, ನನ್ನ ಕಡೆ ರಿಟರ್ನ್ ಹಾಕ್ಸಾಕ ಬರೋರಾಗ ಬ್ಯಾಂಕಿನವರೇ ಭಾಳ ಮಂದಿ. ಊರ ಮಂದಿ ಸಾಲದ ಬಡ್ಡಿ ಬಾಯಾಗೇ ಲೆಕ್ಕ ಹಾಕ್ತಾರ, ತಮ್ಮ ಪಗಾರ, ಟ್ಯಾಕ್ಸಿನ ಲೆಕ್ಕದ ಫಾರ್ಮ್ 16 ಬಂದ್ರ ಮಡಚಿ ಬ್ಯಾಗಿನಾಗ ಇಟ್ಕೊಂಡು ಬರ್ತಾರ. ನಿಮ್ಮ ಪತ್ರದಾಗ ಮೂರು ಚಿಂತಿ ಗಂಟು ಬಿದ್ದಾವ: ಎರಡು ಪಗಾರ ಕೂಡಿಸಿ ಟ್ಯಾಕ್ಸ್ ಹಾಕ್ತಾರೇನು, ಪ್ರಮೋಷನ್ ತಗೊಂಡ್ರ ಲುಕ್ಸಾನೇನು, ಮತ್ತ ಆರು ವರ್ಷದಾಗ ಹೆಚ್ಚಾದ ರೊಕ್ಕ ಎಲ್ಲಿ ಹೋತು. ಮೊದಲನೇದರಾಗ ನಿಮ್ಮ ಮೈದುನಂದು ಪೂರಾ ತಪ್ಪು, ಎರಡನೇದರಾಗ ಅರ್ಧ ಖರೆ ಐತಿ, ಆ ಅರ್ಧ ಖರೇನೇ ಸ್ವಲ್ಪ ಬಿಡಿಸಿ ಹೇಳಬೇಕಾಗೈತಿ.

ನಮ್ಮ ದೇಶದಾಗ ಇನ್‌ಕಮ್ ಟ್ಯಾಕ್ಸ್ ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ. ಗಂಡನ ಪ್ಯಾನ್ ಬ್ಯಾರೆ, ಹೆಂಡತಿ ಪ್ಯಾನ್ ಬ್ಯಾರೆ, ಸ್ಲ್ಯಾಬೂ ಬ್ಯಾರೆ. ಅಮೆರಿಕಾದಾಗ ಜೋಡಿ ಕೂಡಿ ಒಂದೇ ರಿಟರ್ನ್ ಹಾಕೋ ಪದ್ಧತಿ ಐತಿ, ಅಲ್ಲಿ ಎರಡನೇ ಪಗಾರದ ಮೊದಲನೇ ರೂಪಾಯಿನೇ ದೊಡ್ಡ ಸ್ಲ್ಯಾಬಿಗೆ ಬೀಳೂದು ಖರೆ, ಅಲ್ಲಿಯವರ ವಿಡಿಯೋ ನೋಡಿ ಇಲ್ಲಿ ಹೆದರೋರು ಅದಾರ. ಮತ್ತ 2025ರ ಬಜೆಟ್ಟಿಗೂ ಮೊದಲ ಐಸಿಎಐನವರು, ಅಂದ್ರ ನಮ್ಮ ಸಿಎಗಳ ಸಂಸ್ಥೆಯವರು, ಬೇಕಾದವರಿಗೆ ಜಂಟಿ ರಿಟರ್ನ್ ಇಡ್ರಿ ಅಂತ ಸಲಹೆ ಕೊಟ್ಟಿದ್ರು, ಅದೂ ಸುದ್ದಿ ಆಗಿತ್ತು. ಸಲಹೆ ಅಷ್ಟೇ, ಕಾನೂನು ಆಗಿಲ್ಲ. ಕ್ಲಬ್ಬಿಂಗ್ ಅಂಬೂದು ಬ್ಯಾರೇನೇ ಒಂದು ಸಂಗತಿ, ಮುಂದ ಹೇಳ್ತೀನಿ, ಅದು ದುಡಿದ ಪಗಾರಕ್ಕ ಬರಂಗಿಲ್ಲ.

ಈ ಬ್ಯಾರೆ ಬ್ಯಾರೆ ಅನ್ನೂದರ ಲಾಭ ಎಷ್ಟು ಅಂತ ನಿಮ್ಮ ಅಂಕಿಯಾಗೇ ನೋಡ್ರಿ. 2025-26ರ ಹೊಸ ಪದ್ಧತಿಯಾಗ 4 ಲಕ್ಷದ ತನಕ ಇಲ್ಲ, ಆಮ್ಯಾಲ 8ರ ತನಕ ಶೇ 5, 12ರ ತನಕ ಶೇ 10, 16ರ ತನಕ ಶೇ 15, 20ರ ತನಕ ಶೇ 20, 24ರ ತನಕ ಶೇ 25, ಅದರ ಮ್ಯಾಲ ಶೇ 30. ಪಗಾರದವರಿಗೆ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್, ಅದನ್ನ ಕಳದು ಉಳಿದದ್ದು 12 ಲಕ್ಷದ ಒಳಗಿದ್ರ ಕಾಯ್ದೆಯ 87ಎ ಕಲಮಿನ ರಿಯಾಯಿತಿಯಿಂದ ಟ್ಯಾಕ್ಸ್ ಸೊನ್ನೆ. ನಿಮ್ಮದು 12.40ರಾಗ 75 ಸಾವಿರ ಹೋದ್ರ 11.65, ಸೊನ್ನೆ. ಯಜಮಾನ್ರದು 7.65, ಅದೂ ಸೊನ್ನೆ. ಇದೇ 20.80 ಲಕ್ಷ ಒಬ್ಬರಿಗೇ ಬಂದಿದ್ರ ಟ್ಯಾಕ್ಸಿನ ಮ್ಯಾಲಿನ ಶೇ 4 ಸೆಸ್ ಸೇರಿ 2,09,300 ರೂಪಾಯಿ ಕಟ್ಟಬೇಕಿತ್ತು. ಅಂದ್ರ ಇಬ್ಬರು ದುಡಿಯೂದರಿಂದ ಟ್ಯಾಕ್ಸ್ ಹೆಚ್ಚಾಗಿಲ್ಲ, ಎರಡು ಲಕ್ಷ ಉಳದೈತಿ. ಇದನ್ನ ಮಾವನವರಿಗೆ ಚಾ ಕುಡಿಯೋ ಹೊತ್ತಿನಾಗ ತೋರಸ್ರಿ.

ಹಂಗಾದ್ರ ಟ್ಯಾಕ್ಸ್ ಕಳದ ಮ್ಯಾಲಿನ ಆದಾಯ ಏರೈತೋ ಇಳದೈತೋ? ಏರೈತಿ. ಭಾಳ ವರ್ಷ ಕತಿ ಹಿಂಗಿರಲಿಲ್ಲ ನೋಡ್ರಿ. ಹಳೇ ಪದ್ಧತಿಯಾಗ 2.5 ಲಕ್ಷದ ಮಿತಿ, 80ಸಿ (ಪಿಪಿಎಫ್, ಎಲ್‌ಐಸಿಯಂಥ ಉಳಿತಾಯದ ವಿನಾಯಿತಿ) ಒಳಗಿನ 1.5 ಲಕ್ಷ, ಮನಿ ಸಾಲದ ಬಡ್ಡಿಯ 2 ಲಕ್ಷ, ಈ ಮೂರೂ 2014ರಾಗ ನಿಂತದ್ದು ಇವತ್ತಿಗೂ ಅಲ್ಲೇ ನಿಂತಾವ. ಪಗಾರ ಮಾತ್ರ ಡಿಎ (ತುಟ್ಟಿ ಭತ್ಯೆ), ಇನ್‌ಕ್ರಿಮೆಂಟ್ ಅಂತ ಏರಿಕೋತ ಹೋತು, ಸ್ಲ್ಯಾಬ್ ಬದಲಾಗದಿದ್ರೂ ನೀವೇ ಮ್ಯಾಲಿನ ಸ್ಲ್ಯಾಬಿಗೆ ಹೋಗಿ ಬಿದ್ರಿ. 2019-20ರಾಗ 5 ಲಕ್ಷದ ತನಕ ರಿಯಾಯಿತಿ ಬಂದದ್ದಕ್ಕ ನೀವಿಬ್ಬರೂ ಆ ವರ್ಷ ಸೊನ್ನೆ ಇದ್ರಿ, 2022-23ರಾಗ ನಿಮ್ಮ ಪಗಾರ 9.80 ಆದಾಗ 80ಸಿ, ಮನಿ ಬಡ್ಡಿ ಎಲ್ಲಾ ತೋರಿಸಿದ್ರೂ 29 ಸಾವಿರ ಚಿಲ್ಲರ ಕಟ್ಟೀರಿ ಅಂತ ನಾ ಮ್ಯಾಲ ಹಾಕದ ಭಾಗದಾಗ ನೀವೇ ಬರದೀರಿ. ಈಗ 12.40ಕ್ಕ ಮತ್ತ ಸೊನ್ನೆ. ಕೇಂದ್ರದವರು 2025ರ ಬಜೆಟ್ಟಿನಾಗ ಒಮ್ಮೆಲೆ ಜಿಗದದ್ದಕ್ಕ ಹಿಂಗ ಆತು, ಅದಕ್ಕ ಇದನ್ನ ಕಾಯಂ ಅಂತ ತಿಳ್ಕೋಬ್ಯಾಡ್ರಿ. 12 ಲಕ್ಷದ ಮಿತಿನೂ ಹಿಂಗ ಹತ್ತು ವರ್ಷ ನಿಂತ್ರ, ಯಜಮಾನ್ರ ಪಗಾರ ವರ್ಷಕ್ಕ ಶೇ 8ರಂಗ ಏರಿದ್ರ ಐದಾರು ವರ್ಷದಾಗ ಅವರೂ ಆ ಗೆರಿ ದಾಟ್ತಾರ.

ಇನ್ನ ಹೆಚ್ಚಾದ ರೊಕ್ಕ ಎಲ್ಲಿ ಹೋತು ಅಂಬೂದು. ಆವಾಗ ತಿಂಗಳಿಗೆ 1 ಲಕ್ಷ, ಈಗ 1.73 ಲಕ್ಷ. 73 ಸಾವಿರ ಹೆಚ್ಚು. ತುಟ್ಟಿ ಏರಿದ್ದನ್ನ ಮೊದಲ ತಗೀರಿ: ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕದಾಗ 2020-21ರಿಂದ ವರ್ಷಾ ವರ್ಷ ಶೇ 6.2, 5.5, 6.7, 5.4, 4.6 ಏರೈತಿ, ಒಂದರ ಮ್ಯಾಲೊಂದು ಕೂಡಿದ್ರ ಐದು ವರ್ಷದಾಗ ಶೇ 32ರ ಹತ್ರ. 2025-26ರಾಗ ತಣ್ಣಗಾತು, ಆದ್ರ ಏರಿದ್ದು ಇಳದಿಲ್ಲ. ನಿಮ್ಮ ಹಳೇ ಸಂಸಾರದ ಖರ್ಚೇ ಇದರಿಂದ 23 ಸಾವಿರ ಹೆಚ್ಚಾತು ಅಂತ ಹಿಡೀರಿ. ಮನಿ ಹಫ್ತಾ 24. ಮಗಳದು 9. ಎನ್‌ಪಿಎಸ್‌ಗೆ ಇಬ್ಬರದೂ ಬೇಸಿಕ್ ಡಿಎ ಮ್ಯಾಲ ಶೇ 10 ಹಿಡೀತಾರ, ಈಗ ಸುಮಾರು 14,500 ಹೋಗತೈತಿ, ಆವಾಗಿನಕ್ಕಿಂತ 6 ಸಾವಿರ ಹೆಚ್ಚು. ಇಲ್ಲಿಗೆ 62. ಇಷ್ಟೇ ಆಗಿದ್ರ ಮೊದಲಿನ 25ರ ಜತಿಗೆ ಇನ್ನೂ 11 ಸೇರಿ 36 ಸಾವಿರ ಉಳೀಬೇಕಿತ್ತು, ನಿಮಗ ಉಳಿಯೂದು 10. ಕಾರು, ಸೊಸೈಟಿ ಎರಡೂ ಕೂಡಿ 19,500 ಇಲ್ಲೇ ಸಿಕ್ಕಿತು. ಉಳಿದ ಆರೂವರೆ ಸಾವಿರ ನೀವು ಬರದಿಲ್ಲ, ಆದ್ರ ಇಬ್ಬರೂ ದುಡಿಯೋ ಮನಿಗಳಾಗ ಅದು ಎಲ್ಲಿ ಇರತೈತಿ ಅಂತ ನಂಗ ಗೊತ್ತೈತಿ: ಕಸ ಮುಸುರಿಗೆ ಬರಾಕಿಗೆ ಒಂದಷ್ಟು, ಸಂಜಿ ಮುಂದ ಬಸ್ ಇಳದು ಬರುವಾಗ ರೊಟ್ಟಿ ಕೇಂದ್ರದಾಗ ಹತ್ತು ಖಡಕ್ ರೊಟ್ಟಿ, ಜತಿಗೆ ಶೇಂಗಾ ಚಟ್ನಿ ಒಂದು ಪಾಕೀಟು, ಪರೀಕ್ಷಾ ಬಂದಾಗ ಮಗಳಿಗೆ ಟ್ಯೂಷನ್. ಇದು ದುಂದು ಅಲ್ರಿ, ನಿಮ್ಮ ಪಗಾರ ತರೂದರ ಖರ್ಚು ಇದು, ಯಾವ ಫಾರ್ಮಿನಾಗೂ ಇದಕ್ಕ ಡಿಡಕ್ಷನ್ ಇಲ್ಲ.

ಯಜಮಾನ್ರ ಎಚ್‌ಆರ್‌ಎಂಎಸ್ ಪಗಾರ ಚೀಟಿ ಒಮ್ಮೆ ಮುಂದ ಇಟ್ಕೊಂಡು ಬಲಗಡೆ ಕಾಲಮ್ ಓದ್ರಿ. ಎನ್‌ಪಿಎಸ್, ಕೆಜಿಐಡಿ (ರಾಜ್ಯ ಸರ್ಕಾರದ ವಿಮಾ), ಗುಂಪು ವಿಮಾ, ಎಲ್‌ಐಸಿ, ಸೊಸೈಟಿ, ಕೆಳಗ ವೃತ್ತಿ ತೆರಿಗೆ 200. ಅದು ಫೆಬ್ರುವರಿಯಾಗ ಮಾತ್ರ 300, ವರ್ಷಕ್ಕ 2,500. ಇನ್‌ಕಮ್ ಟ್ಯಾಕ್ಸ್ ಅಂಬೋ ಸಾಲಿನ ಮುಂದ ಸೊನ್ನೆ. ನಮ್ಮ ಕಡೆ ಮಂದಿ ಈ ಕಾಲಮ್ಮಿಗೆಲ್ಲಾ ಕೂಡಿ 'ಟ್ಯಾಕ್ಸ್ ಕಟ್ ಆತು' ಅಂತಾರ, ಅದರಾಗ ಅರ್ಧದಷ್ಟು ನಿಮ್ಮದೇ ರೊಕ್ಕ ನಿಮ್ಮ ಹೆಸರಿಗೇ ಜಮಾ ಆಗಾಕತ್ತೈತಿ. ನಿಮ್ಮ 14,500ರ ಜತಿಗೆ ಬ್ಯಾಂಕಿನವರೂ ಸರ್ಕಾರದವರೂ ಶೇ 14 ಹಾಕ್ತಾರ. ಉಳಿತಾಯ 10 ಸಾವಿರ ಅಲ್ಲ, ಕಣ್ಣಿಗೆ ಕಾಣೂದು 10 ಸಾವಿರ. ಆದ್ರ ಸೊಸೈಟಿ ಸಾಲ ಎದಕ್ಕ ತಗೊಂಡೀರಿ ಅಂತ ಬರದಿಲ್ಲ, ಅದರ ಬಡ್ಡಿ ದರ ನೋಡ್ರಿ, ಮನಿ ಸಾಲಕ್ಕಿಂತ ಭಾಳ ಹೆಚ್ಚಿದ್ರ ಮೊದಲ ಅದನ್ನ ಮುಗಸ್ರಿ. ಕಾರು ಬಿಡ್ರಿ ಅಂತ ನಾ ಅನ್ನಂಗಿಲ್ಲ, ಅಂದ್ರೂ ಯಾರೂ ಕೇಳಂಗಿಲ್ಲ.

ಈಗ ಪ್ರಮೋಷನ್. ಇಲ್ಲಿ ಮೈದುನಂದು ಅರ್ಧ ಖರೆ ಅಂದ್ನಲ್ಲ, ನೋಡ್ರಿ. ಟ್ಯಾಕ್ಸ್ ಹಾಕೋ ಆದಾಯ 12 ಲಕ್ಷ ದಾಟಿದ್ರ 87ಎ ರಿಯಾಯಿತಿ ಹೋಗತೈತಿ, ಒಂದು ರೂಪಾಯಿ ದಾಟಿದ್ರೂ 60 ಸಾವಿರ ಕಟ್ಟಬೇಕಾಗತಿತ್ತು. ಅದು ಅನ್ಯಾಯ ಅಂತ ಮಾರ್ಜಿನಲ್ ರಿಲೀಫ್ ಇಟ್ಟಾರ: 12 ಲಕ್ಷದ ಮ್ಯಾಲ ಎಷ್ಟು ಹೋಗೀರೋ ಅಷ್ಟಕ್ಕಿಂತ ಹೆಚ್ಚು ಟ್ಯಾಕ್ಸ್ ತಗೊಳಂಗಿಲ್ಲ. ಕೇಳಾಕ ಚಲೋ ಐತಿ, ಆದ್ರ ಇದರ ಅರ್ಥ ಏನಂದ್ರ, 12 ಲಕ್ಷದಿಂದ ಸುಮಾರು 12.70 ಲಕ್ಷದ ತನಕ ಹೆಚ್ಚಿಗಿ ಬಂದ ಪ್ರತಿ ರೂಪಾಯಿನೂ ಪೂರಾ ಟ್ಯಾಕ್ಸಿಗೇ, ಮ್ಯಾಲ ಶೇ 4 ಸೆಸ್ ಬ್ಯಾರೆ. ಪಗಾರದ ಲೆಕ್ಕದಾಗ ಅದು 12.75ರಿಂದ 13.45ರ ಸುಮಾರು. ನೀವು ಸೀದಾ ಅದರೊಳಗ ಕಾಲಿಡಾಕತ್ತೀರಿ.

12.40ಕ್ಕ 70 ಸಾವಿರ ಕೂಡಿದ್ರ 13.10, ಸ್ಟ್ಯಾಂಡರ್ಡ್ ಕಳದ್ರ 12.35. ಟ್ಯಾಕ್ಸ್ 35 ಸಾವಿರ, ಸೆಸ್ ಸೇರಿ 36,400. 70ರಾಗ ಕೈಗೆ ಬಂದದ್ದು 33,600. ಮುಂದಿನ ವರ್ಷ 60 ಸಾವಿರ ಏರಿತು ಅಂತ ಹಿಡೀರಿ, ಸ್ಲ್ಯಾಬ್ ಹಿಂಗೇ ಇದ್ರ ಒಟ್ಟು ಟ್ಯಾಕ್ಸ್ 77,220 ಆಗತೈತಿ, ಅಂದ್ರ ಆ 60ರಾಗ ಉಳಿಯೂದು 19 ಸಾವಿರ. ಆದ್ರ ಅಲ್ಲಿಗೆ ಆ 12.75ರಿಂದ 13.45ರ ಪಟ್ಟಿ ದಾಟಿತು. ಮೂರನೇ ವರ್ಷ ಮತ್ತ 60 ಬಂದ್ರ ಟ್ಯಾಕ್ಸಿಗೆ 9,360 ಅಷ್ಟೇ, 50 ಸಾವಿರದ ಮ್ಯಾಲ ಕೈಗೆ. ಎರಡು ವರ್ಷ ಹಿಂಡತೈತಿ, ಆಮ್ಯಾಲ ಬಿಡತೈತಿ. ಮತ್ತ ಪ್ರಮೋಷನ್ ಬಿಟ್ರೂ ನೀವು ಈ ಪಟ್ಟಿ ತಪ್ಪಿಸ್ಕೊಳ್ಳಂಗಿಲ್ಲ, ಸ್ಕೇಲ್ ಒನ್‌ನಾಗೇ ಕುಂತ್ರೂ ಇನ್‌ಕ್ರಿಮೆಂಟ್ ಮ್ಯಾಲ ಇನ್‌ಕ್ರಿಮೆಂಟ್ ಬಂದು ಇನ್ನೂ ನಿಧಾನಕ್ಕ, ಇನ್ನೂ ಹೆಚ್ಚು ವರ್ಷ ಅದರಾಗ ತೆವಳಬೇಕು. ಟ್ಯಾಕ್ಸಿಗೆ ಹೆದರಿ ಪ್ರಮೋಷನ್ ಬಿಡೂದು ಲೆಕ್ಕಕ್ಕ ಕೂಡಂಗಿಲ್ಲ. ಮತ್ತ ಎಲ್ಲಿಯೂ ಇದ್ದದ್ದು ಹೋಗಂಗಿಲ್ಲ ನೋಡ್ರಿ, ಹೆಚ್ಚಿಗಿ ಬಂದದ್ದರಾಗಷ್ಟೇ ಕಡಿತ, ಸೆಸ್ಸಿನ ನಾಕು ಕಾಸು ಬಿಟ್ರ.

ಆ ಎರಡು ವರ್ಷ ನಿಗಾ ಇಡಬೇಕಾದದ್ದು ಪಗಾರದ ಮ್ಯಾಲಲ್ಲ, ಎಫ್‌ಡಿ ಬಡ್ಡಿ ಮ್ಯಾಲ. ನಿಮ್ಮ ಹೆಸರಿಗೆ 30 ಸಾವಿರ ಬಡ್ಡಿ ಬಂತು ಅಂದ್ರ ಆದಾಯ 12.65 ಆಗಿ ಟ್ಯಾಕ್ಸ್ 36,400 ಇದ್ದದ್ದು 67,600 ಆಗತೈತಿ. 30 ಸಾವಿರದ ಬಡ್ಡಿಗೆ 31,200 ಟ್ಯಾಕ್ಸ್! ಬ್ಯಾಂಕಿನ ಸ್ಟಾಫ್ ರೇಟಿನ ಹೆಚ್ಚುವರಿ ಬಡ್ಡಿ ಅಂತ ಎಲ್ಲಾ ಎಫ್‌ಡಿ ನಿಮ್ಮ ಹೆಸರಿಗೇ ಇಡಬ್ಯಾಡ್ರಿ ಅಂತ ಅದಕ್ಕ ಹೇಳೂದು. ಈ ವರ್ಷ ಮಾತ್ರ ಇನ್ನೂ 35 ಸಾವಿರದಷ್ಟು ಜಾಗ ಐತಿ, ಚಿಂತಿಲ್ಲ.

ಹಂಗಾರ ಯಜಮಾನ್ರ ಹೆಸರಿಗೆ ಹಾಕೂಣೇನು ಅಂತ ನೀವು ಕೇಳ್ತೀರಿ, ಕ್ಲಬ್ಬಿಂಗ್ ಬರೂದು ಇಲ್ಲೇ. ನಿಮ್ಮ ರೊಕ್ಕ ಅವರಿಗೆ ಕೊಟ್ಟು ಅವರ ಹೆಸರಿಗೆ ಎಫ್‌ಡಿ ಮಾಡಿದ್ರ ಕೊಡೂದಕ್ಕ ಟ್ಯಾಕ್ಸ್ ಇಲ್ಲ, ಆದ್ರ ಅದರ ಬಡ್ಡಿ ನಿಮ್ಮ ಆದಾಯಕ್ಕೇ ಸೇರತೈತಿ. ಗಂಡ ಹೆಂಡತಿಗೆ ಕೊಟ್ರೂ ಅಷ್ಟೇ, ಹೆಂಡತಿ ಗಂಡಗ ಕೊಟ್ರೂ ಅಷ್ಟೇ. ಕಾನೂನಿನೊಳಗ ಇರೋ ಸೀದಾ ದಾರಿ ಅಂದ್ರ ಖರ್ಚು ನಿಮ್ಮ ಪಗಾರದಾಗ ಮಾಡೂದು, ಉಳಿತಾಯ ಅವರ ಪಗಾರದಾಗ. ಮನಿ ಹಫ್ತಾ, ಕಿರಾಣಿ, ಸಾಲಿ ಫೀ ಎಲ್ಲಾ ನಿಮ್ಮ ಖಾತೆಯಿಂದ ಹೋಗ್ಲಿ, ಅವರು ದುಡಿದದ್ದು ಅವರ ಹೆಸರಿಗೇ ಆರ್‌ಡಿ, ಎಫ್‌ಡಿ ಆಗ್ಲಿ. ಅವರು 7.65ರಾಗ ಅದಾರ, 12ರ ತನಕ ಜಾಗಾನೇ ಜಾಗ. ಇದಕ್ಕ ಅಡ್ಡಿ ಬರೂದು ಇಲಾಖೆ ಅಲ್ರಿ, ಹೆಂಡ್ತಿ ಪಗಾರದಾಗ ಮನಿ ನಡೀತೈತಿ ಅಂತ ಮಂದಿ ಆಡ್ಕೋತಾರ ಅಂಬೋದು. ಇದೇ ಮಾತಿಗೆ ಹಿಂದ ಸರಿದ ಮಾಸ್ತರುಗಳನ್ನ ನಾ ನೋಡೀನಿ, ವರ್ಷಾ ವರ್ಷ ಅದರ ದಂಡ ಕಟ್ಟತಾರ. ಇದರಾಗ ಅಪಾಯ ಇಲ್ಲ ಅಂತಲ್ಲ. ಎಲ್ಲಾ ಉಳಿತಾಯ ಒಬ್ಬರ ಹೆಸರಿಗೇ ಆದ್ರ ನಾಳೆ ಏನರ ಹೆಚ್ಚುಕಡಿಮಿ ಆದಾಗ ನಿಮ್ಮ ಕೈ ಬರಿದು. ಅದಕ್ಕ ನಿಮ್ಮ ಹೆಸರಿಗೆ ಪಿಪಿಎಫ್, ಮಗಳ ಹೆಸರಿಗೆ ಸುಕನ್ಯಾ ಸಮೃದ್ಧಿ ಇಡ್ರಿ. ಹೊಸ ಪದ್ಧತಿಯಾಗ ಕಟ್ಟಿದ್ದಕ್ಕ ವಿನಾಯಿತಿ ಇಲ್ಲ, ಆದ್ರ ಬರೋ ಬಡ್ಡಿಗೆ ಟ್ಯಾಕ್ಸ್ ಇಲ್ಲ, ನಿಮ್ಮ ಪಟ್ಟಿಯೊಳಗ ಅದೇ ಬೇಕಾದದ್ದು. 2025-26ರಾಗ ಪಿಪಿಎಫ್ ಶೇ 7.1, ಸುಕನ್ಯಾ ಶೇ 8.2 ಇತ್ತು. ಸುಕನ್ಯಾ ಖಾತೆ ಮಗಳಿಗೆ 10 ತುಂಬೋದರೊಳಗ ತಗೀಬೇಕು, ರೊಕ್ಕ ಭಾಳ ವರ್ಷ ಸಿಗಂಗಿಲ್ಲ, 18 ಆದ ಮ್ಯಾಲ ಓದಿಗೆ ಅರ್ಧ ತಗೀಬಹುದು. ಕೈಗಡ ಬೇಕಾದಾಗ ಇವು ಬರಂಗಿಲ್ಲ ಅಂತ ತಿಳ್ಕೊಂಡೇ ಹಾಕ್ರಿ.

ಹಳೇ ಪದ್ಧತಿಗೆ ಹೋದ್ರ ಹೆಂಗ ಅಂತ ನಿಮ್ಮ ಬ್ಯಾಂಕಿನಾಗ ಯಾರರ ಹೇಳಿರ್ತಾರ. 13.10ಕ್ಕ 80ಸಿ ಪೂರಾ, ಮನಿ ಬಡ್ಡಿ 2 ಲಕ್ಷ ಪೂರಾ, ಎನ್‌ಪಿಎಸ್ 50 ಸಾವಿರ, ಆರೋಗ್ಯ ವಿಮಾ 25 ಸಾವಿರ, ಎಲ್ಲಾ ಕಳದ್ರೂ 82 ಸಾವಿರದ ಮ್ಯಾಲ ಟ್ಯಾಕ್ಸ್ ಬರತೈತಿ. ಹೊಸದರಾಗ 36,400. ಮುಗೀತು.

ಮಾವನವರ ಮಾತು. ನೀವು ಕೆಲಸ ಬಿಟ್ರ ಉಳಿಯೋ ಟ್ಯಾಕ್ಸ್ ಇವತ್ತಿಗೆ ಸೊನ್ನೆ, ಯಾಕಂದ್ರ ಕಟ್ಟಾಕತ್ತದ್ದೇ ಸೊನ್ನೆ. ಬಸ್ ಚಾರ್ಜ್ ಉಳೀತೈತಿ ಅನ್ನಾಕೂ ಬರಂಗಿಲ್ಲ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಾಗ ಬಾಗಲಕೋಟೆ-ಬಾದಾಮಿ ನಿಮಗ ಪುಕ್ಕಟೆ. ಕೆಲಸದಾಕಿ, ರೊಟ್ಟಿ ಸೇರಿ ಆರೂವರೆ ಸಾವಿರ ಉಳೀಬಹುದು. ಹೋಗೂದು ಏನು ಅಂದ್ರ 12.40 ಲಕ್ಷ, ಅದರ ಮ್ಯಾಲ ಬ್ಯಾಂಕ್ ಹಾಕೋ ಶೇ 14 ಎನ್‌ಪಿಎಸ್, ನಿಮ್ಮ ಬೇಸಿಕ್ ಡಿಎ 85 ಸಾವಿರ ಹಿಡಿದ್ರ ವರ್ಷಕ್ಕ 1.43 ಲಕ್ಷ. ತಿರುಗಿ ಇಂಥಾ ಕೆಲಸ ಸಿಗೂದೂ ಕಠಿಣ, ಬ್ಯಾಂಕ್ ಆಫೀಸರ್ ಆಗೂ ಐಬಿಪಿಎಸ್ ಪಿಓ ಪರೀಕ್ಷಾಕ್ಕ ಸಾಮಾನ್ಯ ವರ್ಗದ ವಯಸ್ಸಿನ ಮಿತಿ 30. ದೇಶದಾಗ 15 ವರ್ಷ ದಾಟಿದ ಹೆಣ್ಣುಮಕ್ಕಳಾಗ ದುಡಿಯೋ ಇಲ್ಲಾ ಕೆಲಸ ಹುಡುಕೋ ಮಂದಿಯ ಪಾಲು 2017-18ರಾಗ ಶೇ 23.3 ಇದ್ದದ್ದು 2023-24ಕ್ಕ ಶೇ 41.7 ಆಗೈತಿ ಅಂತ ಕೇಂದ್ರದ ಪಿಎಲ್‌ಎಫ್‌ಎಸ್ ಅಂಬೋ ದುಡಿಮಿ ಸರ್ವೇದಾಗ ಐತಿ, ಆದ್ರ ಅದರಾಗ ಭಾಳ ಮಂದಿ ಸ್ವಂತ ಹೊಲ, ಅಂಗಡಿ, ಮನಿ ಕಸುಬಿನಾಗ ದುಡಿಯೋರು, ಕೆಲವರಿಗೆ ಕೂಲಿನೂ ಇಲ್ಲ. ತಿಂಗಳ ಪಗಾರ, ಪಿಂಚಣಿ ಪಾಲು ಇದ್ದ ಕೆಲಸ ಬಿಡೂದು ದೊಡ್ಡ ಮಾತು. ನಿಮಗೇ ಸಾಕಾಗಿದ್ರ, ಮೈ ತಡೀವಲ್ದು ಅಂದ್ರ ಅದು ಬ್ಯಾರೆ ವಿಚಾರ, ಅದಕ್ಕ ಟ್ಯಾಕ್ಸಿನ ನೆವ ಬ್ಯಾಡ.

ಖರೇ ಅಂದ್ರ ನೀವು ಕೇಳಬೇಕಾದ ಪ್ರಶ್ನೆ ಪತ್ರದಾಗ ಇಲ್ಲೇ ಇಲ್ಲ: ಪ್ರಮೋಷನ್ ಆದ್ರ ಪೋಸ್ಟಿಂಗ್ ಎಲ್ಲಿ? ಸ್ಕೇಲ್ ಟೂ ಅಂದ್ರ ಬಹಳ ಸಲ ವಲಯಾನೇ ಬದಲು. ಸೋಲಾಪುರಕ್ಕೋ ಇನ್ನೂ ಆಚಿಕೋ ಹಾಕಿದ್ರ ಎರಡು ಒಲಿ, ಎರಡು ಬಾಡಿಗಿ, ಗಡಿ ದಾಟಿದ್ರ ಶಕ್ತಿನೂ ಇಲ್ಲ. ತಿಂಗಳಿಗೆ 15 ಸಾವಿರ ಹೆಚ್ಚಿಗಿ ಖರ್ಚು ಅಂದ್ರೂ ವರ್ಷಕ್ಕ 1.80 ಲಕ್ಷ, ಅದೂ ಟ್ಯಾಕ್ಸ್ ಕಟ್ಟಿ ಉಳಿದ ರೊಕ್ಕದಾಗ. ಮೊದಲ ವರ್ಷ ಪ್ರಮೋಷನ್ನಿಂದ ಕೈಗೆ ಬರೂದು 33,600 ಅಂತ ಈಗ ನೋಡಿದ್ವಿ. ಇದು ನಿಮ್ಮ ಮನಿ ಲೆಕ್ಕಾನೇ ಉಲ್ಟಾ ಮಾಡತೈತಿ. ಲೀಸ್ಡ್ ಕ್ವಾರ್ಟರ್ಸ್, ಅಂದ್ರ ಬ್ಯಾಂಕೇ ಬಾಡಿಗಿಗೆ ಹಿಡಿದು ಕೊಡೋ ಮನಿ, ಸಿಗತೈತೇನು ಕೇಳ್ರಿ. ಹೆಣ್ಣುಮಕ್ಕಳನ್ನ ಸಾಧ್ಯ ಆದಷ್ಟು ಗಂಡ ಇದ್ದ ಊರಿಗೆ ಇಲ್ಲಾ ಅದರ ಹತ್ರಕ್ಕ ಹಾಕ್ರಿ ಅಂತ ಕೇಂದ್ರ ಹಣಕಾಸು ಸಚಿವಾಲಯ 2014ರಾಗ ಸರ್ಕಾರಿ ಬ್ಯಾಂಕುಗಳಿಗೆ ಬರದೈತಿ, ಅದು ಹಕ್ಕಲ್ಲ, ಆದ್ರ ಅರ್ಜಿಯಾಗ ಅದನ್ನ ನಮೂದಿಸಿ ಕೊಡ್ರಿ, ಮಗಳ ಸಾಲಿ, ಯಜಮಾನ್ರ ಪೋಸ್ಟಿಂಗ್ ಆದೇಶದ ಪ್ರತಿ ಹಚ್ಚಿ. ವಿಜಯಪುರಕ್ಕೋ ಹುಬ್ಬಳ್ಳಿಗೋ ಹಾಕಿದ್ರ ಕಣ್ಣು ಮುಚ್ಚಿ ಹೋಗ್ರಿ ಅಂತೀನಿ. ದೂರ ಹಾಕಿದ್ರ ಎರಡು ಮೂರು ವರ್ಷದ ನಷ್ಟ ತಡಕೊಳ್ಳೋ ತಾಕತ್ತು ಐತೇನು ಅಂತ ಸೊಸೈಟಿ ಸಾಲ, ಕಾರಿನ ಹಫ್ತಾ ಎಂದ ಮುಗೀತಾವ ನೋಡಿ ಠರಾಯಿಸ್ರಿ. ನಿಮ್ಮ ಸರ್ವೀಸ್ ಇನ್ನೂ ಇಪ್ಪತ್ತು ವರ್ಷದ ಮ್ಯಾಲ ಇದ್ರ ನಾನಾದ್ರ ಹೋಗ್ತಿದ್ದೆ, ಯಾಕಂದ್ರ ಮುಂದಿನ ಬೇಸಿಕ್, ಅದರ ಮ್ಯಾಲಿನ ಡಿಎ, ಎನ್‌ಪಿಎಸ್ ಎಲ್ಲಾ ಈ ಮೆಟ್ಟಲದ ಮ್ಯಾಲೇ ನಿಲ್ತಾವ.

ಇನ್ನೆರಡು ಮಾತು, ರಿಟರ್ನ್ ಹಾಕುವಾಗ ಎಡವೂದು ಇಲ್ಲೇ. ಯಜಮಾನ್ರು ಶೇರು, ಶೇರಿನಾಗ ಹಾಕೋ ಮ್ಯೂಚುವಲ್ ಫಂಡ್ ಮಾರಿ ಲಾಭ ಮಾಡಿದ್ರ ಆ ಲಾಭಕ್ಕ 87ಎ ರಿಯಾಯಿತಿ ಹತ್ತಂಗಿಲ್ಲ, 12 ಲಕ್ಷದ ಒಳಗಿದ್ರೂ ಅದಕ್ಕ ಟ್ಯಾಕ್ಸ್ ಬಂದ್ರ ಬ್ಯಾರೆ ಕಟ್ಟಬೇಕು. ಮತ್ತ ಟ್ಯಾಕ್ಸ್ ಸೊನ್ನೆ ಅಂದ್ರ ರಿಟರ್ನ್ ಬ್ಯಾಡ ಅಂತಲ್ಲ, ಆದಾಯ 4 ಲಕ್ಷ ದಾಟಿದ್ರ ಇಬ್ಬರೂ ಬ್ಯಾರೆ ಬ್ಯಾರೆ ಹಾಕಲೇಬೇಕು, ಜುಲೈ 31 ಮೀರಿದ್ರ 5 ಸಾವಿರ ತನಕ ಲೇಟ್ ಫೀ. ಎಫ್‌ಡಿ ಬಡ್ಡಿ ಒಂದು ಬ್ಯಾಂಕಿನಾಗ 50 ಸಾವಿರ ದಾಟಿದ್ರ ಶೇ 10 ಟಿಡಿಎಸ್ ಹಿಡದಿರ್ತಾರ, ಯಜಮಾನ್ರ ಹೆಸರಿಗೆ ಉಳಿತಾಯ ಹೆಚ್ಚಾದಂಗ ಇದು ಬಂದೇ ಬರತೈತಿ, ರಿಟರ್ನ್ ಹಾಕಿದ್ರಷ್ಟೇ ಆ ರೊಕ್ಕ ವಾಪಸ್. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ 2025 ಲಾಗೂ, ಅದರಾಗ 87ಎ, 80ಸಿ ಅಂಬೋ ನಂಬರ್ ಬದಲಾಗ್ತಾವ, ಗಂಡ ಹೆಂಡತಿ ಲೆಕ್ಕ ಮಾತ್ರ ಬ್ಯಾರೆ ಬ್ಯಾರೇನೇ ಇರತೈತಿ. ಪೋಸ್ಟಿಂಗ್ ಆರ್ಡರ್ ಬಂದ ಮ್ಯಾಲ ಹೊಸ ಬೇಸಿಕ್ ಎಷ್ಟು, ಬಾಡಿಗಿ ಎಷ್ಟು ಅಂತ ಬರದು ಕಳಸ್ರಿ, ಇದೇ ಲೆಕ್ಕ ಆ ಅಂಕಿ ಹಾಕಿ ಮಾಡಿ ಕೊಡ್ತೀನಿ.